ರಸಪ್ರಶ್ನೆಯ ಉತ್ತರಕ್ಕೆ ಆಧಾರ ಬೇಕು: ಚಿತ್ರದುರ್ಗದಿಂದ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಚಿತ್ರದುರ್ಗ ಜಿಲ್ಲೆ,
ಹಾಗೂ ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು.

ವಿಷಯ: ಆಳಿದವರ ಮತ್ತು ರಾಜಕಾರಣಿಗಳ ಬಗ್ಗೆ ಮಕ್ಕಳಿಗೆ ಕೇಳುವ ಪ್ರಶ್ನೆಗಳ ಉತ್ತರಸೂಚಿಯಲ್ಲಿ ಆಧಾರ ನಮೂದಿಸುವುದು ಹಾಗೂ ನಮ್ಮದೇ ನೆಲದ ಕಡಿಮೆ ತಿಳಿದ ಸಂಗತಿಗಳನ್ನು ಶಾಲೆಗಳಿಗೆ ತಲುಪಿಸುವ ಬಗ್ಗೆ.

ಮಾನ್ಯರೇ,

31 ವರ್ಷ ಈ ಭಾಗದ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಪಾಠ ಹೇಳಿ ನಿವೃತ್ತನಾದವನು ನಾನು. ನನ್ನಿಂದ ಆದ ಒಂದು ತಪ್ಪನ್ನು ಎಲ್ಲರೆದುರು ಒಪ್ಪಿಕೊಳ್ಳುವುದಕ್ಕೂ, ಅಂಥದ್ದು ಮತ್ತೆ ಆಗದಂತೆ ತಮ್ಮ ಅಧಿಕಾರದಲ್ಲಿ ಆಗಬಹುದಾದ ಕೆಲವು ಕೆಲಸಗಳನ್ನು ಕೇಳಿಕೊಳ್ಳುವುದಕ್ಕೂ ಈ ಪತ್ರ ಬರೆಯುತ್ತಿದ್ದೇನೆ.

ಸೇವೆಯ ಕೊನೆಯ ದಿನಗಳಲ್ಲಿ, ಒಂದು ಸಂಸ್ಥೆಯವರು ಪ್ರೌಢಶಾಲಾ ಮಕ್ಕಳಿಗೆ ಏರ್ಪಡಿಸಿದ್ದ ರಸಪ್ರಶ್ನೆ ಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ಮೂರನೆಯ ಸುತ್ತಿನ ಒಂಬತ್ತನೆಯ ಪ್ರಶ್ನೆ ಹೀಗಿತ್ತು: "1962ರ ಚುನಾವಣೆ ಮುಗಿದ ಕೂಡಲೇ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ ಅಧಿಕಾರ ವಹಿಸಿಕೊಂಡವರು ಯಾರು?" ಹೊಸದುರ್ಗ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದಿದ್ದ ಒಂಬತ್ತನೆಯ ತರಗತಿಯ ಹುಡುಗಿ ಗಂಟೆ ಒತ್ತಿ ಎದ್ದು ನಿಂತು, "ಎಸ್.ಆರ್. ಕಂಠಿಯವರು" ಎಂದಳು. ನನ್ನ ಕೈಯಲ್ಲಿದ್ದ ಉತ್ತರಸೂಚಿಯಲ್ಲಿ "ಎಸ್. ನಿಜಲಿಂಗಪ್ಪ" ಎಂದು ಬರೆದಿತ್ತು. ನಾನು ತಲೆಯಾಡಿಸಿದೆ. ಅವಳು ಕೂರಲಿಲ್ಲ. "ನಮ್ಮ ತಾತ ಹೇಳ್ತಿತ್ತು ಸಾರ್, ಆವಾಗ ಎಸ್ಸೆನ್ನು ನಮ್ಮ ಹೊಸದುರ್ಗದಲ್ಲೇ ಸೋತಿದ್ರಂತೆ" ಎಂದಳು. ಸಭೆಯಲ್ಲಿ ಯಾರೋ ನಕ್ಕರು. ಎಸ್ಸೆನ್, ಅಂದರೆ ನಿಜಲಿಂಗಪ್ಪನವರು, ಸೋತಿದ್ದರು ಎಂದು ಚಿತ್ರದುರ್ಗದ ನೆಲದಲ್ಲೇ ಮಗುವೊಂದು ಹೇಳುವುದು ಅಲ್ಲಿದ್ದವರಿಗೆ ಅಪಚಾರದಂತೆ ಕೇಳಿಸಿರಬೇಕು. ನಿಯಮದಂತೆ ಐದು ಅಂಕ ಕಳೆದು, ಪ್ರಶ್ನೆಯನ್ನು ಮುಂದಿನ ತಂಡಕ್ಕೆ ದಾಟಿಸಿದೆ. ಆ ತಂಡ ಉತ್ತರಸೂಚಿಯಲ್ಲಿದ್ದ ಹೆಸರನ್ನೇ ಹೇಳಿ ಹತ್ತು ಅಂಕ ಪಡೆಯಿತು.

ಹುಡುಗಿ ಹೇಳಿದ್ದು ಅಕ್ಷರಶಃ ಸರಿ. 1962ರ ಚುನಾವಣೆಯಲ್ಲಿ ನಿಜಲಿಂಗಪ್ಪನವರು ಹೊಸದುರ್ಗ ಕ್ಷೇತ್ರದಲ್ಲಿ ಸೋತರು. ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿ, ಇಡೀ ಕರ್ನಾಟಕವೇ ಕೈಯೆತ್ತಿ ಮುಗಿಯುತ್ತಿದ್ದ ವ್ಯಕ್ತಿ, ತಮ್ಮ ಮನೆಯಂಗಳದಂಥ ತಾಲ್ಲೂಕಿನಲ್ಲೇ ಸೋತರು. ಆ ವರ್ಷದ ಮಾರ್ಚ್ 14ರಂದು ಮುಖ್ಯಮಂತ್ರಿಯಾದವರು ಹುನಗುಂದದ ಎಸ್.ಆರ್. ಕಂಠಿ. ಬಾಗಲಕೋಟೆಯ ಉಪಚುನಾವಣೆಯಲ್ಲಿ ನಿಜಲಿಂಗಪ್ಪನವರು ಆರಿಸಿ ಬಂದ ಮೇಲೆ, ಜೂನ್ ತಿಂಗಳಲ್ಲಿ ಕಂಠಿಯವರು ಕುರ್ಚಿಯನ್ನು ಬಿಟ್ಟುಕೊಟ್ಟರು. ಬಿಟ್ಟುಕೊಟ್ಟ ಮೇಲೂ ಮುನಿಸಿಕೊಂಡು ಹೊರಗೆ ಕೂರದೆ ಅದೇ ಸಂಪುಟದಲ್ಲಿ ಮಂತ್ರಿಯಾಗಿ ಕೆಲಸ ಮಾಡಿದರು. ಒಮ್ಮೆ ಕೂತ ಕುರ್ಚಿಯಿಂದ ಏಳಿಸಲು ಎಂತೆಂಥ ಸರ್ಕಸ್ ನಡೆಯುತ್ತದೆ ಎಂಬುದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಮೂರು ತಿಂಗಳು ಆಳಿ, ಕೊಟ್ಟ ಮಾತಿನಂತೆ ಎದ್ದುಹೋದವರ ಹೆಸರು ಮಾತ್ರ ನಮ್ಮ ಉತ್ತರಸೂಚಿಯಲ್ಲೇ ಬಿಟ್ಟುಹೋಗಿತ್ತು. ಆ ದಿನ ರಾತ್ರಿ ಮನೆಯಲ್ಲಿ ಮುಖ್ಯಮಂತ್ರಿಗಳ ಪಟ್ಟಿ ತೆಗೆದು ದಿನಾಂಕ ನೋಡಿದಾಗ ನನಗೆ ಊಟ ಸೇರಲಿಲ್ಲ. ಮರುದಿನ ಸಂಘಟಕರಿಗೆ ಹೇಳಿದೆ; ಬಹುಮಾನ ಕೊಟ್ಟಾಗಿದೆ, ಇನ್ನೇನು ಮಾಡಲು ಬರುತ್ತದೆ ಎಂಬ ಉತ್ತರ ಬಂತು.

ಅಂದಿನಿಂದ ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಎಡಪುಟದಲ್ಲಿ, ಮಕ್ಕಳ ಬಾಯಲ್ಲಿ, ರಸಪ್ರಶ್ನೆ ಪುಸ್ತಕಗಳಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ "ನಿಮಗೆ ಗೊತ್ತೇ?" ಎಂದು ತಿರುಗಾಡುವ ಸಂಗತಿ, ಬಲಪುಟದಲ್ಲಿ ಅದಕ್ಕೆ ಸಿಕ್ಕ ಆಧಾರ, ಸಿಗದಿದ್ದರೆ ಖಾಲಿ. ಈಗ ಇಂಥ ಮೂರು ಪುಸ್ತಕಗಳು ತುಂಬಿವೆ. ಇಷ್ಟು ದಿನದ ಹುಡುಕಾಟದಲ್ಲಿ ನನಗೆ ಮನವರಿಕೆಯಾದ ಸಂಗತಿಯೇ ಈ ಪತ್ರದ ತಿರುಳು: ರಾಜಕಾರಣಿಗಳ ಬಗ್ಗೆ ಹರಿದಾಡುವ ಕಟ್ಟುಕಥೆಗಳಿಗಿಂತ ದಾಖಲೆಯಲ್ಲಿರುವ ನಿಜವೇ ಹೆಚ್ಚು ಬೆರಗು ಹುಟ್ಟಿಸುತ್ತದೆ, ಮತ್ತು ಆ ಬೆರಗಿಗೆ ಮಕ್ಕಳು ಹಕ್ಕುದಾರರು.

ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಅಧ್ಯಕ್ಷನಾಗಿದ್ದ ಜೇಮ್ಸ್ ಗಾರ್ಫೀಲ್ಡ್ ಒಂದು ಕೈಯಲ್ಲಿ ಲ್ಯಾಟಿನ್, ಇನ್ನೊಂದು ಕೈಯಲ್ಲಿ ಗ್ರೀಕ್ ಭಾಷೆಯನ್ನು ಏಕಕಾಲಕ್ಕೆ ಬರೆಯುತ್ತಿದ್ದನೆಂಬ ಮಾತು ಎಲ್ಲ ರಸಪ್ರಶ್ನೆ ಪುಸ್ತಕಗಳಲ್ಲೂ ಇದೆ. ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತ ಬಂದಿದೆಯೇ ಹೊರತು, ಅದಕ್ಕೆ ಆತನ ಕಾಲದ ಗಟ್ಟಿ ದಾಖಲೆಯನ್ನು ಯಾರೂ ಎದುರಿಗಿಟ್ಟಿದ್ದನ್ನು ನಾನು ಕಂಡಿಲ್ಲ. ಆದರೆ ಇದೇ ಗಾರ್ಫೀಲ್ಡ್ ಅಧ್ಯಕ್ಷನಾಗುವ ಮೊದಲು, ಸಂಸತ್ ಸದಸ್ಯನಾಗಿದ್ದಾಗ, 1876ರಲ್ಲಿ ಒಂದು ಶಿಕ್ಷಣ ಪತ್ರಿಕೆಯಲ್ಲಿ ಪೈಥಾಗೊರಸ್ ಪ್ರಮೇಯಕ್ಕೆ ತನ್ನದೇ ಆದ ಸಾಧನೆಯೊಂದನ್ನು ಪ್ರಕಟಿಸಿದ. ಇದಕ್ಕೆ ಪತ್ರಿಕೆಯ ಪುಟವೇ ಸಾಕ್ಷಿ. ನಮ್ಮ ಹತ್ತನೆಯ ತರಗತಿಯ ಮಕ್ಕಳು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಿದ್ದ ಪ್ರಮೇಯ ಅದು. ಗಣಿತದ ಮೇಷ್ಟ್ರು ರಜೆಯಿದ್ದ ಒಂದು ದಿನ ನಾನೇ ಬೋರ್ಡಿನ ಮೇಲೆ ಅದನ್ನು ಬರೆದು ತೋರಿಸಿದ್ದೆ. ಬಾಹುಗಳು 3 ಮತ್ತು 4, ವಿಕರ್ಣ 5 ಇರುವ ಎರಡು ಲಂಬಕೋನ ತ್ರಿಭುಜಗಳನ್ನು ತೆಗೆದುಕೊಂಡು, ಒಂದನ್ನು ನಿಲ್ಲಿಸಿ ಇನ್ನೊಂದನ್ನು ಮಲಗಿಸಿ, ಒಂದೇ ಗೆರೆಯ ಮೇಲೆ ತುದಿಗೆ ತುದಿ ಕೂಡಿಸಿ, ಮೇಲಿನ ಎರಡು ಮೂಲೆಗಳನ್ನು ಸೇರಿಸಿದರೆ ಒಂದು ತ್ರಾಪಿಜ್ಯ ಸಿಗುತ್ತದೆ. ಅದರ ಸಮಾಂತರ ಬಾಹುಗಳು 3 ಮತ್ತು 4, ಎತ್ತರ 7. ಆದ್ದರಿಂದ ವಿಸ್ತೀರ್ಣ ಇಪ್ಪತ್ನಾಲ್ಕೂವರೆ. ಅದರೊಳಗೆ ನಾವು ಇಟ್ಟ ಎರಡು ತ್ರಿಭುಜಗಳು ಆರಾರರಂತೆ ಹನ್ನೆರಡನ್ನು ತೆಗೆದುಕೊಂಡರೆ, ನಡುವೆ ಉಳಿದ ಮೂರನೆಯ ತ್ರಿಭುಜಕ್ಕೆ ಹನ್ನೆರಡೂವರೆ ಉಳಿಯುತ್ತದೆ. ಅದು 5ರ ವರ್ಗದ ಅರ್ಧ. ಮೂರು, ನಾಲ್ಕರ ಜಾಗದಲ್ಲಿ ಯಾವ ಅಳತೆ ಇಟ್ಟರೂ ಲೆಕ್ಕ ಕೂಡುತ್ತದೆ. ಪಕ್ಷಭೇದವಿಲ್ಲದೆ ಎರಡೂ ಸದನಗಳ ಸದಸ್ಯರು ಒಪ್ಪಬಹುದಾದ ಸಂಗತಿ ಇದು ಎಂಬರ್ಥದ ಮಾತು ಆ ಪ್ರಕಟಣೆಯಲ್ಲೇ ಇದೆ. ಬೋರ್ಡಿನ ಮುಂದೆ ಕೂತಿದ್ದ ಮಕ್ಕಳಲ್ಲಿ ಒಬ್ಬ, "ಸಾರ್, ಎಂಎಲ್ಎಗಳು ಲೆಕ್ಕಾನೂ ಮಾಡ್ತಾರಾ?" ಎಂದು ಕೇಳಿದ. ಆ ಹುಡುಗನ ಕಣ್ಣಲ್ಲಿ ಕಂಡ ಬೆರಗು ಎರಡು ಕೈಯ ಕಥೆಯಿಂದ ಹುಟ್ಟುವಂಥದ್ದಲ್ಲ.

ರೋಮಿನ ಚಕ್ರವರ್ತಿ ಕಲಿಗುಲ ತನ್ನ ಕುದುರೆಯನ್ನು ಕಾನ್ಸಲ್ ಎಂಬ ಅತ್ಯುನ್ನತ ಹುದ್ದೆಗೆ ಏರಿಸಿದ ಎಂಬುದೂ ಇಂಥದ್ದೇ ಮಾತು. ಆ ಕಾಲಕ್ಕೆ ಎಷ್ಟೋ ದಶಕಗಳ ನಂತರ ಬರೆದ ಇತಿಹಾಸಕಾರ ಸ್ಯುಟೋನಿಯಸ್ ಹೇಳುವುದು, ಹಾಗೆ ಮಾಡುವ ಯೋಚನೆ ಅವನಿಗಿತ್ತಂತೆ ಎಂದಷ್ಟೇ. "ಇತ್ತಂತೆ" ಎಂಬ ಮಾತು ನಮ್ಮ ಪುಸ್ತಕಗಳಿಗೆ ಬರುವಷ್ಟರಲ್ಲಿ "ಮಾಡಿದ" ಆಗಿದೆ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಮೆದು ಐಸ್‌ಕ್ರೀಮನ್ನು ಕಂಡುಹಿಡಿದರು ಎಂಬುದಕ್ಕೂ ಆಧಾರವಿಲ್ಲ. ಅಂಥ ಐಸ್‌ಕ್ರೀಮ್ ಅವರು ಕೆಲಸಕ್ಕೆ ಸೇರುವುದಕ್ಕೂ ಮೊದಲೇ ಅಮೆರಿಕದಲ್ಲಿ ಮಾರಾಟವಾಗುತ್ತಿತ್ತು. ಅವರು ಆಕ್ಸ್‌ಫರ್ಡಿನಲ್ಲಿ ರಸಾಯನಶಾಸ್ತ್ರ ಓದಿದ್ದು, ಮುಂದೆ ನೊಬೆಲ್ ಪಡೆದ ಡೊರೊಥಿ ಹಾಡ್ಜ್‌ಕಿನ್ ಅವರ ಕೈಕೆಳಗೆ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದು, ಆಮೇಲೆ ಆಹಾರ ಕಂಪನಿಯೊಂದರಲ್ಲಿ ರಸಾಯನ ತಜ್ಞೆಯಾಗಿದ್ದದ್ದು ನಿಜ. ಅಬ್ರಹಾಂ ಲಿಂಕನ್ ಹೆಸರಿನಲ್ಲಿ 1849ರ ಮೇ 22ರಂದು ನೀಡಲಾದ 6469ನೆಯ ಸಂಖ್ಯೆಯ ಪೇಟೆಂಟ್ ಇರುವುದೂ ನಿಜ. ನದಿಯ ಮರಳುದಿಬ್ಬಕ್ಕೆ ಸಿಕ್ಕಿಬಿದ್ದ ದೋಣಿಯನ್ನು ಗಾಳಿ ತುಂಬಿದ ಚೀಲಗಳಿಂದ ಎತ್ತುವ ಉಪಾಯ ಅದು. ಬಳಕೆಗೆ ಬರಲಿಲ್ಲ, ಆದರೆ ಪೇಟೆಂಟ್ ಪಡೆದ ಅಮೆರಿಕದ ಅಧ್ಯಕ್ಷ ಈವರೆಗೆ ಅವನೊಬ್ಬನೇ.

ಮಾನ್ಯರೇ, ದೂರದ ದೇಶಗಳ ಸಂಗತಿಗಳು ನಮ್ಮ ಮಕ್ಕಳಿಗೆ ಏಕೆ ಬೇಕು ಎಂದು ಕೆಲವರು ಕೇಳುತ್ತಾರೆ. ಪ್ರಾಚೀನ ಅಥೆನ್ಸಿನ ಬೋಕಿಗಳ ಕಥೆ ಹೇಳಿದರೆ ಅವರಿಗೆ ಉತ್ತರ ಸಿಗಬಹುದು. ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಕುಂಟೆಬಿಲ್ಲೆ ಆಡಲು ಆರಿಸಿಕೊಳ್ಳುವಂಥ ಮಡಕೆ ಚೂರುಗಳ ಮೇಲೆ ಅಲ್ಲಿಯ ನಾಗರಿಕರು, ಊರಿಗೆ ಅಪಾಯಕಾರಿ ಎನಿಸಿದ ನಾಯಕನ ಹೆಸರನ್ನು ಗೀಚಿ ಮತ ಹಾಕುತ್ತಿದ್ದರು; ಹೆಚ್ಚು ಚೂರು ಬಿದ್ದವನು ಹತ್ತು ವರ್ಷ ಊರು ಬಿಡಬೇಕಿತ್ತು. ಪ್ರಜೆಗಳೇ ನೇರವಾಗಿ ತೀರ್ಮಾನಿಸುತ್ತಿದ್ದ ಈ ಪದ್ಧತಿಯನ್ನು ನಾವು ಪಾಠದಲ್ಲಿ ಹೊಗಳುತ್ತೇವೆ. ಆದರೆ 1930ರ ದಶಕದಲ್ಲಿ ಅಲ್ಲಿಯ ಕೋಟೆಗುಡ್ಡದ ಇಳಿಜಾರಿನ ಬಾವಿಯೊಂದರಲ್ಲಿ, ಥೆಮಿಸ್ಟೊಕ್ಲಿಸ್ ಎಂಬ ನಾಯಕನ ಹೆಸರಿದ್ದ 190 ಚೂರುಗಳು ಒಟ್ಟಿಗೇ ಸಿಕ್ಕವು. ಬರವಣಿಗೆಯನ್ನು ಪರೀಕ್ಷಿಸಿದಾಗ ಅವನ್ನೆಲ್ಲ ಬರೆದವರು 14 ಜನ ಮಾತ್ರ ಎಂದು ಗೊತ್ತಾಯಿತು. ಯಾರೋ ಮೊದಲೇ ಬರೆದು, ಹಂಚಲು ಸಿದ್ಧಮಾಡಿಟ್ಟಿದ್ದರು. ಬರೆಯಲು ಬಾರದವರಿಗೆ ನೆರವಾಗಲೆಂದೋ, ಮತವನ್ನು ತಮ್ಮತ್ತ ತಿರುಗಿಸಲೆಂದೋ ಎಂಬುದನ್ನು ಮಕ್ಕಳೇ ತರಗತಿಯಲ್ಲಿ ವಾದಿಸಲಿ. ಗ್ರಾಮ ಪಂಚಾಯಿತಿ ಚುನಾವಣೆಯ ಹಿಂದಿನ ರಾತ್ರಿ ತಮ್ಮ ಓಣಿಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಕಂಡಿರುವ ಮಕ್ಕಳಿಗೆ ಈ ವಾದ ದೂರದ್ದಾಗುವುದಿಲ್ಲ.

ನಮ್ಮ ಪಕ್ಕದ ತಮಿಳುನಾಡಿನ ಉತ್ತರಮೇರೂರಿನ ಶಾಸನವೂ ವಾಟ್ಸ್‌ಆ್ಯಪ್‌ನಲ್ಲಿ ಬಹಳ ತಿರುಗುತ್ತದೆ. ಅದು ಬಹುಮಟ್ಟಿಗೆ ನಿಜವೇ. ಒಂದನೆಯ ಪರಾಂತಕ ಚೋಳನ ಕಾಲದಲ್ಲಿ, ಕ್ರಿ.ಶ. 920ರ ಆಸುಪಾಸಿನಲ್ಲಿ, ಊರಿನ ಸಮಿತಿಗಳಿಗೆ ಸದಸ್ಯರನ್ನು ಆರಿಸುವ ವಿಧಾನವನ್ನು ದೇವಾಲಯದ ಗೋಡೆಯ ಮೇಲೆ ಕೆತ್ತಿಸಿದ್ದಾರೆ. ಅರ್ಹರ ಹೆಸರುಗಳನ್ನು ಓಲೆಯ ಚೂರುಗಳಲ್ಲಿ ಬರೆದು ಕೊಡದೊಳಗೆ ಹಾಕಿ, ಒಂದು ಮಗುವಿನ ಕೈಯಿಂದ ಎತ್ತಿಸುತ್ತಿದ್ದರು. ವಯಸ್ಸು 35 ದಾಟಿರಬೇಕು, 70 ದಾಟಿರಬಾರದು. ಸ್ವಂತ ನಿವೇಶನದಲ್ಲಿ ಸ್ವಂತ ಮನೆ ಇರಬೇಕು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನಿಗೆ ಮಾತ್ರವಲ್ಲ, ಅವನ ಹತ್ತಿರದ ನೆಂಟರಿಗೂ ಅವಕಾಶವಿಲ್ಲ. ಇದನ್ನು ಓದಿದಾಗ ನನಗೂ ರೋಮಾಂಚನವಾಯಿತು. ಆದರೆ ತಿರುಗಾಡುವ ಸಂದೇಶಗಳಲ್ಲಿ ಬಿಟ್ಟುಹೋಗುವ ಭಾಗವೊಂದಿದೆ: ಅದು ಬ್ರಾಹ್ಮಣರಿಗೆ ದತ್ತಿಯಾಗಿ ಕೊಟ್ಟ ಗ್ರಾಮದ ಸಭೆ, ವೇದ ಬಲ್ಲ ಭೂಮಾಲೀಕರಿಗಷ್ಟೇ ಅಲ್ಲಿ ಪ್ರವೇಶ. ಅದೇ ಊರಿನ ಹೊಲಗಳಲ್ಲಿ ದುಡಿಯುತ್ತಿದ್ದವರ ಹೆಸರು ಆ ಕೊಡದೊಳಗೆ ಎಂದೂ ಬೀಳಲಿಲ್ಲ. ಅರ್ಧ ಹೇಳಿ ಹೆಮ್ಮೆಪಡುವುದನ್ನು ಮಕ್ಕಳಿಗೆ ಕಲಿಸಿದರೆ ಉಳಿದರ್ಧವನ್ನು ಅವರು ಇನ್ನೆಲ್ಲೋ ಕೇಳಿ ನಮ್ಮನ್ನು ನಂಬುವುದನ್ನೇ ಬಿಡುತ್ತಾರೆ.

ಈಗ ನಮ್ಮ ಜಿಲ್ಲೆಗೆ ಬರುತ್ತೇನೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ ಎಂಬುದು ಏಳನೆಯ ತರಗತಿಯ ಮಗುವಿಗೂ ಗೊತ್ತು, ಶಾಸನತಜ್ಞ ಬಿ.ಎಲ್. ರೈಸ್ ಅವನ್ನು 1892ರಲ್ಲಿ ಬೆಳಕಿಗೆ ತಂದರು ಎಂಬುದನ್ನೂ ನಾವು ಪರೀಕ್ಷೆಯಲ್ಲಿ ಕೇಳುತ್ತೇವೆ. ಆ ಬಂಡೆಯ ಮೇಲೆ ಏನು ಬರೆದಿದೆ ಎಂದು ಮಾತ್ರ ಕೇಳುವುದಿಲ್ಲ. ನಾನು ಮಕ್ಕಳನ್ನು ಕರೆದುಕೊಂಡು ಬ್ರಹ್ಮಗಿರಿಗೆ ಹೋದಾಗಲೆಲ್ಲ ಅನುವಾದವನ್ನು ಕೈಯಲ್ಲಿ ಹಿಡಿದು, ಬಂಡೆಯ ಮುಂದೆ ನಿಂತು ಗಟ್ಟಿಯಾಗಿ ಓದಿಸುತ್ತಿದ್ದೆ. ಅದು ಒಂದು ಸರ್ಕಾರಿ ಪತ್ರ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳು ಇಸಿಲದಲ್ಲಿದ್ದ ಮಹಾಮಾತ್ರರಿಗೆ, ಅಂದರೆ ಈ ಭಾಗದ ಅಂದಿನ ಅಧಿಕಾರಿಗಳಿಗೆ, ಮೊದಲು ಆರೋಗ್ಯ ವಿಚಾರಿಸಿ ಆಮೇಲೆ ದೊರೆಯ ಮಾತನ್ನು ತಿಳಿಸುತ್ತಾರೆ. ದೊರೆಯ ಮೊದಲ ಮಾತೇ ಒಂದು ತಪ್ಪೊಪ್ಪಿಗೆ: ತಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಆದರೆ ಒಂದು ವರ್ಷ ಅಷ್ಟಾಗಿ ಶ್ರಮಪಡಲಿಲ್ಲ, ಸಂಘವನ್ನು ಸೇರಿ ಒಂದು ವರ್ಷದ ಮೇಲಾದ ಈ ಅವಧಿಯಲ್ಲಿ ಮಾತ್ರ ಚೆನ್ನಾಗಿ ಶ್ರಮಿಸಿದ್ದೇನೆ ಎನ್ನುತ್ತಾನೆ. ದೊಡ್ಡವರಿಗಷ್ಟೇ ಇದು ಸಾಧ್ಯವೆಂದಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಸಾಧಿಸಬಹುದು ಎಂದೂ ಸೇರಿಸುತ್ತಾನೆ.

ತಾವೇ ಯೋಚಿಸಿ ಮಾನ್ಯರೇ. ಸುಮಾರು 2250 ವರ್ಷಗಳ ಹಿಂದೆ, ಉಪಖಂಡದ ಬಹುಭಾಗವನ್ನು ಆಳುತ್ತಿದ್ದವನು, ಒಂದು ವರ್ಷ ತನ್ನ ಪ್ರಯತ್ನ ಸಾಲದಾಯಿತು ಎಂಬುದನ್ನು ಅಳಿಸಲಾಗದಂತೆ ಕಲ್ಲಿನ ಮೇಲೆ ಕೆತ್ತಿಸಿ, ತನ್ನ ಕೈಕೆಳಗಿನ ಅಧಿಕಾರಿಗಳಿಗೆ ಕಳುಹಿಸಿದ್ದಾನೆ. ಆಳುವವರ ಬಗ್ಗೆ ಇದಕ್ಕಿಂತ ಅಚ್ಚರಿಯ ಸಂಗತಿ ನನಗೆ ಇನ್ನೊಂದು ಸಿಕ್ಕಿಲ್ಲ, ಮತ್ತು ಅದು ಇರುವುದು ನಮ್ಮ ಮೊಳಕಾಲ್ಮುರಿನಲ್ಲಿ. ಶಾಸನದ ಕೊನೆಯಲ್ಲಿ ಬರೆದವನ ಹೆಸರೂ ಇದೆ, ಚಪಡ. ಇಡೀ ಶಾಸನ ಎಡದಿಂದ ಬಲಕ್ಕೆ ಓದುವ ಬ್ರಾಹ್ಮಿ ಲಿಪಿಯಲ್ಲಿದ್ದರೆ, ತಾನು ಲಿಪಿಕಾರ ಎಂಬ ಒಂದು ಪದವನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಓದುವ, ವಾಯವ್ಯ ಗಡಿನಾಡಿನಲ್ಲಿ ಬಳಕೆಯಲ್ಲಿದ್ದ ಖರೋಷ್ಠಿಯಲ್ಲಿ ಬರೆದಿದ್ದಾನೆ. ಆ ಪದದ ಹತ್ತಿರ ಬೆರಳು ತೋರಿಸಿ, ಇವನು ಯಾವ ಊರಿನಿಂದ ಎಷ್ಟು ದಿನ ನಡೆದು ಇಲ್ಲಿಗೆ ಬಂದಿರಬಹುದು ಎಂದು ಕೇಳಿದರೆ ಮಕ್ಕಳು ಬಸ್ಸು ಹತ್ತುವವರೆಗೂ ಅದನ್ನೇ ಮಾತಾಡುತ್ತಾರೆ.

ನಿಜಲಿಂಗಪ್ಪನವರ ವಿಷಯದಲ್ಲೂ ನಾವು ಹೀಗೆಯೇ ಮೇಲ್ಮೈಯಲ್ಲಿ ನಿಂತುಬಿಟ್ಟಿದ್ದೇವೆ. ಸೀಬಾರದಲ್ಲಿರುವ ಅವರ ಸ್ಮಾರಕದ ಮುಂದೆ ಹೆದ್ದಾರಿಯಲ್ಲಿ ಹೋಗುವವರೆಲ್ಲ ಹೆಸರು ಓದುತ್ತಾರೆ. ರಾಷ್ಟ್ರನಾಯಕ ಎಂಬ ಬಿರುದು ಎಲ್ಲರಿಗೂ ಗೊತ್ತು. ಅವರು ಹುಟ್ಟಿದ ಹಲುವಾಗಲು ಗ್ರಾಮ 1902ರಲ್ಲಿ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರಲ್ಲಿ ಜಿಲ್ಲೆಯೊಂದಿಗೆ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಹರಪನಹಳ್ಳಿ ತಾಲ್ಲೂಕಿನೊಂದಿಗೆ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಮತ್ತೆ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹರಿದು ಹಂಚಿಹೋಗಿದ್ದ ಕನ್ನಡ ನಾಡನ್ನು ಒಂದುಗೂಡಿಸಲು ದುಡಿದವರ ಹುಟ್ಟೂರೇ ಇಷ್ಟು ಸಲ ಗಡಿ ಬದಲಿಸಿದೆ ಎಂಬುದನ್ನು ನಕ್ಷೆಯ ಮೇಲೆ ತೋರಿಸಿದರೆ ಏಕೀಕರಣದ ಪಾಠಕ್ಕೆ ಬೇರೆ ವಿವರಣೆ ಬೇಡ. 1939ರಲ್ಲಿ ನಮ್ಮ ತುರುವನೂರಿನಲ್ಲಿ ಈಚಲು ಮರ ಕಡಿದು ನಡೆಸಿದ ಅರಣ್ಯ ಸತ್ಯಾಗ್ರಹದ ಮುಂದಾಳುಗಳಲ್ಲಿ ಅವರೂ ಒಬ್ಬರು. ವಕೀಲರಾಗಿದ್ದ ಅವರು, 30 ವರ್ಷಗಳ ನಂತರ, 1969ರ ನವೆಂಬರ್ 12ರಂದು, ಅವಿಭಜಿತ ಕಾಂಗ್ರೆಸ್ಸಿನ ಕೊನೆಯ ಅಧ್ಯಕ್ಷರಾಗಿ, ಅಧಿಕಾರದಲ್ಲಿದ್ದ ಪ್ರಧಾನಿ ಇಂದಿರಾ ಗಾಂಧಿಯವರನ್ನೇ ಪಕ್ಷದಿಂದ ಉಚ್ಚಾಟಿಸಿದರು. ಅದು ಸರಿಯೋ ತಪ್ಪೋ ಎಂಬುದರಲ್ಲಿ ಹಿರಿಯರಲ್ಲಿ ಇಂದಿಗೂ ಎರಡು ಮಾತಿದೆ. ಆ ಮೇಲೆ ಅವರು ಚಿತ್ರದುರ್ಗದ ಮನೆಗೆ ಮರಳಿ, ಇಲ್ಲಿಯೇ ಬದುಕಿ, 2000ದ ಆಗಸ್ಟ್ 8ರಂದು 97ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹೊಸದುರ್ಗದ ಸೋಲನ್ನು ಮುಚ್ಚಿಟ್ಟರೆ ಅವರ ಎತ್ತರ ಹೆಚ್ಚುತ್ತದೆ ಎಂದು ಯಾರಾದರೂ ತಿಳಿದಿದ್ದರೆ ಅದು ಅವರನ್ನು ಅರಿಯದವರ ಮಾತು. ಸೋತು, ತಗ್ಗಿ, ದೂರದ ಬಾಗಲಕೋಟೆಗೆ ಹೋಗಿ ಮತ ಕೇಳಿ ಬಂದವರು ಅವರು.

ದಾವಣಗೆರೆಯವರಿಗೆ ಒಂದು ಮಾತು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗ ಕ್ಷೇತ್ರದಿಂದ ಆರಿಸಿಹೋಗಿ, ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದ ಮೊದಲ ಸದಸ್ಯರಾದರು. ಮುಂದೆ ಅವರು ಮುಖ್ಯಮಂತ್ರಿಯಾಗಿದ್ದಾಗಲೇ, 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಯಿತು. ಅವರ ಹಾಸ್ಯಚಟಾಕಿಗಳನ್ನು ನೆನೆದು ನಗುವವರು ನೂರು ಜನ ಸಿಗುತ್ತಾರೆ. ಆ ಕನ್ನಡ ಭಾಷಣವನ್ನು ಕಲಾಪದ ಪುಟದಲ್ಲಿ ತೆಗೆದು ಓದಿದವರು ನನಗೆ ಒಬ್ಬರೂ ಸಿಕ್ಕಿಲ್ಲ. ಹಾಗೆಯೇ, ಜಮಖಂಡಿಯ ಪುರಸಭೆಯಿಂದ ಹೊರಟ ಬಿ.ಡಿ. ಜತ್ತಿಯವರು ಆ ಪುಟ್ಟ ಸಂಸ್ಥಾನದ ಮುಖ್ಯಮಂತ್ರಿ, ಆಮೇಲೆ ಮೈಸೂರು ರಾಜ್ಯದ ಮುಖ್ಯಮಂತ್ರಿ, ಉಪರಾಷ್ಟ್ರಪತಿಯಾಗಿ, 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾಗಿ ಕೇಂದ್ರದ ಮೊದಲ ಕಾಂಗ್ರೆಸ್ಸೇತರ ಸರ್ಕಾರಕ್ಕೆ ಪ್ರಮಾಣವಚನ ಬೋಧಿಸಿದರು ಎಂಬುದೂ ನಮ್ಮ ಮಕ್ಕಳ ಕಿವಿಗೆ ಬಿದ್ದಿಲ್ಲ.

ಇನ್ನು ಹಿರಿಯೂರಿನ ಮಾರಿಕಣಿವೆ. 1898ರಲ್ಲಿ ಆ ಅಣೆಕಟ್ಟೆಯ ಕೆಲಸ ಆರಂಭವಾದಾಗ ಮೈಸೂರಿನ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡರು. ಕಟ್ಟೆ ಮುಗಿದದ್ದು 1907ರಲ್ಲಿ. ಅದು ಕೋಡಿ ಬಿದ್ದದ್ದು 1933ರಲ್ಲಿ, ಮತ್ತೆ ಬಿದ್ದದ್ದು 89 ವರ್ಷಗಳ ನಂತರ 2022ರಲ್ಲಿ. ಆ ದಿನ ಕೋಡಿಯ ನೀರನ್ನು ನೋಡಲು ಹೋಗಿದ್ದ ಸಾವಿರಾರು ಜನರಲ್ಲಿ ನಾನೂ ಇದ್ದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು, "ನಮ್ಮಪ್ಪ ನೋಡಿದ್ದಂತೆ, ನಾನೀಗ ನೋಡ್ದೆ" ಎಂದು ನೀರಿಗೆ ಕೈಮುಗಿದರು. ಅಡಿಪಾಯ ಹಾಕಿಸಿದವರು ಕಾಣದ ನೀರು ಅದು. ನಾಲ್ಕು ವರ್ಷಕ್ಕೊಮ್ಮೆ ಉದ್ಘಾಟನೆಯ ಕಲ್ಲು ಬದಲಾಗುವ ಈ ಕಾಲದಲ್ಲಿ, ಆ ದಿನಾಂಕಗಳನ್ನು ಒಂದರ ಪಕ್ಕ ಒಂದು ಬರೆದರೆ ಸಾಕು.

ಈ ಹಿನ್ನೆಲೆಯಲ್ಲಿ ನನ್ನ ಕೋರಿಕೆಗಳನ್ನು ಮುಂದಿಡುತ್ತೇನೆ. ಎರಡೂ ಜಿಲ್ಲೆಗಳಲ್ಲಿ ಶಾಲಾ ಮಕ್ಕಳಿಗಾಗಿ ಯಾರೇ ರಸಪ್ರಶ್ನೆ ನಡೆಸಲಿ, ಅನುಮತಿ ಕೊಡುವಾಗ ಉತ್ತರಸೂಚಿಯ ಪ್ರತಿ ಉತ್ತರದ ಎದುರು ಅದನ್ನು ಎಲ್ಲಿಂದ ತೆಗೆದುಕೊಂಡದ್ದು ಎಂಬುದನ್ನು ಬರೆಯಬೇಕೆಂದು ಇಲಾಖೆ ಷರತ್ತು ಹಾಕಲಿ. ವಾಟ್ಸ್‌ಆ್ಯಪ್ ಸಂದೇಶ ಆಧಾರವಾಗದು ಎಂದು ಸ್ಪಷ್ಟವಾಗಿ ತಿಳಿಸಲಿ. ಮಗುವೊಂದು ತೀರ್ಪನ್ನು ಪ್ರಶ್ನಿಸಿದರೆ ಆ ಪ್ರಶ್ನೆಯ ಅಂಕವನ್ನು ತಡೆಹಿಡಿದು, ಪರಿಶೀಲಿಸಿದ ಮೇಲೆ ಮಾತ್ರ ಬಹುಮಾನ ಘೋಷಿಸಬೇಕು. ಇದಕ್ಕೆ ಹಣ ಬೇಡ, ಒಂದು ಸುತ್ತೋಲೆ ಸಾಕು.

ಎರಡನೆಯದಾಗಿ, ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಮಕ್ಕಳ ಕೈಗೆ ಸಿಗುವಂತೆ ಒಂದು ಮೇಜನ್ನು ಮೀಸಲಿಟ್ಟು, ಅದರ ಮೇಲೆ ಜಿಲ್ಲಾ ಗ್ಯಾಸೆಟಿಯರ್, ನಮ್ಮ ಜಿಲ್ಲೆಯ ಶಾಸನಗಳಿರುವ ಎಪಿಗ್ರಾಫಿಯಾ ಕರ್ನಾಟಿಕದ 11ನೆಯ ಸಂಪುಟ, ವಿಧಾನಮಂಡಲದ ಮತ್ತು ಲೋಕಸಭೆಯ ಕಲಾಪಗಳಲ್ಲಿ ನಮ್ಮ ಭಾಗದ ಸದಸ್ಯರ ಭಾಷಣಗಳಿರುವ ಪುಟಗಳ ಪ್ರತಿ, ಹಿಂದಿನ ಚುನಾವಣೆಗಳ ಫಲಿತಾಂಶದ ಪಟ್ಟಿ, ಇಷ್ಟನ್ನು ಇರಿಸಬೇಕು. ಬೀರುವಿನಲ್ಲಿ ಬೀಗ ಹಾಕಿಟ್ಟ ಪುಸ್ತಕದಿಂದ ಮಗುವಿಗೆ ಪ್ರಯೋಜನವಿಲ್ಲ. ತಿಂಗಳಿಗೊಂದು ಶನಿವಾರ ಆ ಮೇಜಿನ ಬಳಿ ಕೂತು, ಬಂದ ಮಕ್ಕಳಿಗೆ ಪುಟ ತೆಗೆದು ತೋರಿಸಲು ನಾನು ಸಿದ್ಧನಿದ್ದೇನೆ. ನನ್ನಂಥ ನಿವೃತ್ತರು ಇನ್ನೂ ನಾಲ್ಕಾರು ಮಂದಿ ಒಪ್ಪಿಕೊಂಡಿದ್ದಾರೆ.

ಬ್ರಹ್ಮಗಿರಿಯ ಶಾಸನದ ಕನ್ನಡ ಅನುವಾದವನ್ನು ದೊಡ್ಡ ಅಕ್ಷರಗಳಲ್ಲಿ ಜಿಲ್ಲೆಯ ಪ್ರತಿ ಸರ್ಕಾರಿ ಪ್ರೌಢಶಾಲೆಯ ಗೋಡೆಯ ಮೇಲೆ ಬರೆಸಬೇಕೆಂದೂ ಕೇಳಿಕೊಳ್ಳುತ್ತೇನೆ. ಸಾಧ್ಯವಾದರೆ ಜಿಲ್ಲಾಡಳಿತ ಭವನದಲ್ಲಿಯೂ ಬರೆಸಿ; ಅದು ಮೂಲತಃ ಈ ಭಾಗದ ಅಧಿಕಾರಿಗಳ ವಿಳಾಸಕ್ಕೇ ಬಂದ ಪತ್ರ.

ಕೊನೆಯದಾಗಿ, ಹಿರಿಯರ ನೆನಪು. ಆ ಹುಡುಗಿಯ ಉತ್ತರ ಯಾವ ಪುಸ್ತಕದಿಂದಲೂ ಬಂದದ್ದಲ್ಲ. 1962ರಲ್ಲಿ ಮತ ಹಾಕಿದ ತಾತನಿಂದ ಬಂದದ್ದು. ಆ ಚುನಾವಣೆಯಲ್ಲಿ ಮತ ಹಾಕಿದವರಿಗೆ ಈಗ 80 ದಾಟಿದೆ. ಬೇಸಿಗೆ ರಜೆಯಲ್ಲಿ ಪ್ರತಿ ಪ್ರೌಢಶಾಲೆಯ ಮಕ್ಕಳು ತಮ್ಮ ಊರಿನ ಅಂಥ ಇಬ್ಬರು ಹಿರಿಯರನ್ನು ಕಂಡು, ಅವರು ಕಂಡ ಚುನಾವಣೆ, ಊರಿಗೆ ಬಂದ ನಾಯಕರು, ಆಗ ಆಡಿದ ಮಾತುಗಳನ್ನು ಬರೆದುಕೊಂಡು ಬರುವ ಕೆಲಸವನ್ನು ಈ ವರ್ಷವೇ ಕೊಡಬೇಕು. ಹೀಗೆ ಬಂದದ್ದನ್ನು ದಾಖಲೆಯೊಂದಿಗೆ ತಾಳೆ ನೋಡಿ ಒಪ್ಪುವುದು, ಬಿಡುವುದು ಆಮೇಲಿನ ಮಾತು, ಮೊದಲು ಬರೆದಿಡುವುದಾಗಲಿ.

ನನ್ನ ಮೂರು ನೋಟ್‌ಬುಕ್‌ಗಳನ್ನು ಈ ಕೆಲಸಕ್ಕೆ ಒಪ್ಪಿಸುತ್ತೇನೆ; ತಾವು ಯಾವ ದಿನ ಕರೆದರೂ ತಂದುಕೊಡುತ್ತೇನೆ. ಆ ಸ್ಪರ್ಧೆಯ ಅಂಕಪಟ್ಟಿ ಸಂಘಟಕರ ಬಳಿ ಇನ್ನೂ ಉಳಿದಿದ್ದರೆ, ಮೂರನೆಯ ಸುತ್ತಿನ ಒಂಬತ್ತನೆಯ ಪ್ರಶ್ನೆಗೆ ಹೊಸದುರ್ಗ ತಾಲ್ಲೂಕಿನ ತಂಡದಿಂದ ಕಳೆದ ಐದು ಅಂಕವನ್ನು ಹಿಂದಿರುಗಿಸಿ, ಹತ್ತು ಅಂಕ ಸೇರಿಸಬೇಕೆಂದು ಅಂದಿನ ತೀರ್ಪುಗಾರನಾಗಿ ಈ ಪತ್ರದ ಮೂಲಕ ಲಿಖಿತವಾಗಿ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕ,
ಚಿತ್ರದುರ್ಗ